ಆಯ್ಕೆಯಾದ ಸದಸ್ಯರಿರುವಾಗ ನಿವಾಸಿಗಳ ಸಮಿತಿ ಏಕೆ ಬೇಕು?

ಸ್ಥಳೀಯ ಆಡಳಿತದ ವಿಷಯ ಬಂದಾಗಲೆಲ್ಲ ನನ್ನನ್ನು ಜನರು ಬೇರೆ ಬೇರೆ ಮಾತುಗಳಲ್ಲಿ ಕೇಳುವ ಪ್ರಶ್ನೆ ಒಂದೇ. ಮತ ಹಾಕಿ ಸದಸ್ಯರನ್ನು ಆರಿಸಿದ್ದೇವೆ, ಅವರ ನೆರವಿಗೆ ಅಧಿಕಾರಿಗಳೂ ಎಂಜಿನಿಯರುಗಳೂ ಇದ್ದಾರೆ. ಹೀಗಿರುವಾಗ ಸಾಮಾನ್ಯ ನಿವಾಸಿಗಳ ಸಮಿತಿಯೊಂದನ್ನು ಕೂರಿಸಿ ಅವರ ಸಲಹೆ ಪಡೆಯುವುದರಿಂದ ಆಗುವ ಪ್ರಯೋಜನವೇನು? ಕೆಲವರು ಇದನ್ನು ಸಂದೇಹದಿಂದ ಕೇಳುತ್ತಾರೆ. ಇನ್ನು ಕೆಲವರ ದನಿಯಲ್ಲಿ ಬೇಸರವಿರುತ್ತದೆ. ಅಂಥ ಸಭೆಗಳಿಗೆ ಹೋಗಿ, ಸಂಜೆಯೆಲ್ಲ ಕೂತು ಮಾತಾಡಿ, ಆಡಿದ ಮಾತು ಕೊನೆಗೆ ಎಲ್ಲಿ ಸೇರಿತೆಂದು ತಿಳಿಯದೆ ಮರಳಿದವರು ಅವರು. ಪ್ರಯೋಜನ ಖಂಡಿತ ಇದೆ ಎಂಬುದೇ ನನ್ನ ಉತ್ತರ. ಆದರೆ ಸಮಿತಿ ಸೇರುವ ಮೊದಲೇ ಆಡಳಿತ ಯಾವ ಮಾತು ಕೊಟ್ಟಿದೆ ಎಂಬುದರ ಮೇಲೆ ಅದು ನಿಂತಿದೆ.

ಮೊದಲು ಚುನಾವಣೆಯ ವಿಷಯ. ನಾವು ಹಾಕುವ ಒಂದು ಮತದಲ್ಲಿ ರಸ್ತೆ, ತೆರಿಗೆ, ಕಸ ವಿಲೇವಾರಿ, ಆಟದ ಮೈದಾನ, ಪಕ್ಷದ ಮೇಲಿನ ಒಲವು, ಅಭ್ಯರ್ಥಿಯ ಪರಿಚಯ ಎಲ್ಲವೂ ಬೆರೆತಿರುತ್ತವೆ. ಗೆದ್ದ ಸದಸ್ಯನಿಗೆ ನಿರ್ಧರಿಸುವ ಅಧಿಕಾರ ಸಿಗುತ್ತದೆ. ಆದರೆ ಗ್ರಂಥಾಲಯದ ಸಮಯ ಕಡಿತಗೊಳಿಸಿ ಒಳಚರಂಡಿ ದುರಸ್ತಿ ಮಾಡಬೇಕೇ, ಅಥವಾ ತೆರಿಗೆ ಏರಿಸಿ ಎರಡನ್ನೂ ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆಗೆ ಜನರ ಉತ್ತರವೇನೆಂದು ಆ ಮತದಿಂದ ಅವನಿಗೆ ತಿಳಿಯುವುದಿಲ್ಲ. ಈ ಕೊರತೆಯನ್ನು ತುಂಬಲೆಂದೇ ಆಡಳಿತಗಳು ಸಾರ್ವಜನಿಕ ಸಭೆ ಕರೆಯುತ್ತವೆ. ಅಲ್ಲಿಗೆ ಬರುವವರು ಯಾರು? ಬಿಡುವಿರುವವರು, ಮೈಕಿನ ಮುಂದೆ ನಿಂತು ಮಾತಾಡುವ ಅಭ್ಯಾಸವಿರುವವರು, ಆ ನಿರ್ಧಾರದಿಂದ ನೇರವಾಗಿ ಲಾಭವನ್ನೋ ನಷ್ಟವನ್ನೋ ಕಾಣುವವರು. ರಾತ್ರಿ ಪಾಳಿಯ ಕೆಲಸಗಾರ, ಮಗುವನ್ನು ಯಾರ ಬಳಿಯೂ ಬಿಟ್ಟು ಬರಲಾಗದ ತಾಯಿ, ಇನ್ನೊಂದು ವರ್ಷಕ್ಕೆ ಮನೆ ಬದಲಿಸಬೇಕಾದ ಬಾಡಿಗೆದಾರ, ಸಭೆಯ ಭಾಷೆ ಸರಿಯಾಗಿ ಬಾರದವರು ಅಲ್ಲಿ ಕಾಣುವುದಿಲ್ಲ. ಅಭಿಪ್ರಾಯ ಸಂಗ್ರಹದ ಸಮೀಕ್ಷೆ ಇವರನ್ನೂ ಮುಟ್ಟಬಲ್ಲದು ನಿಜ, ಆದರೆ ಅದು ಕೇಳುವುದು ವಿಷಯದ ಬಗ್ಗೆ ಯೋಚಿಸಲು ಅವಕಾಶ ಸಿಗುವ ಮುನ್ನವೇ ಬಾಯಿಗೆ ಬರುವ ಉತ್ತರವನ್ನು.

ನಿವಾಸಿಗಳ ಸಮಿತಿ ಬೇರೆಯಾಗುವುದು ಇಲ್ಲಿ. ಸರಿಯಾಗಿ ನಡೆಸುವ ಕಡೆ ಅದರ ಸದಸ್ಯರನ್ನು ಯಾರೂ ಹೆಸರಿಸುವುದಿಲ್ಲ, ಚೀಟಿ ಎತ್ತಿ ಆರಿಸುತ್ತಾರೆ. ಪ್ರಾಚೀನ ಅಥೆನ್ಸ್ ತನ್ನ ಐನೂರು ಸದಸ್ಯರ ಪರಿಷತ್ತನ್ನು ಹೀಗೆಯೇ ತುಂಬುತ್ತಿತ್ತು. ನಮ್ಮ ಕಾಲದಲ್ಲಿ ಈ ಪದ್ಧತಿಗೆ ಮತ್ತೆ ರೂಪ ಕೊಟ್ಟವರಲ್ಲಿ ಒಬ್ಬರು ಜರ್ಮನಿಯ ವುಪ್ಪರ್ಟಾಲ್‌ನ ಸಮಾಜಶಾಸ್ತ್ರಜ್ಞ ಪೀಟರ್ ಡೀನೆಲ್. 1970ರ ದಶಕದಲ್ಲಿ ಅವರು ರೂಪಿಸಿದ ಕ್ರಮದಲ್ಲಿ, ಚೀಟಿಯ ಮೂಲಕ ಆರಿಸಿದ ಸುಮಾರು 25 ನಿವಾಸಿಗಳು ಕೆಲವು ದಿನ ತಮ್ಮ ಕೆಲಸದಿಂದ ಬಿಡುವು ಪಡೆದು ಒಂದು ಯೋಜನೆಯನ್ನು ಪರಿಶೀಲಿಸುತ್ತಾರೆ, ಅದಕ್ಕಾಗಿ ಅವರಿಗೆ ಭತ್ಯೆ ದೊರೆಯುತ್ತದೆ. ಅವರು ಆ ಯೋಜನೆಯ ಪರ-ವಿರೋಧದ ಎಲ್ಲ ಕಡೆಯವರ ವಾದವನ್ನು ಕೇಳಿದ ಮೇಲೆ ಐದೈದು ಜನರ ಗುಂಪುಗಳಲ್ಲಿ ಚರ್ಚಿಸುತ್ತಾರೆ. ಗುಂಪುಗಳಲ್ಲಿರುವವರು ಮತ್ತೆ ಮತ್ತೆ ಬದಲಾಗುತ್ತಾರೆ. ಚಿಕ್ಕದಾಗಿ ಕಾಣುವ ಈ ಕೊನೆಯ ನಿಯಮವನ್ನು ನಾನು ಬಹಳ ಮೆಚ್ಚುತ್ತೇನೆ, ಏಕೆಂದರೆ ಜೋರು ಬಾಯಿಯವರೊಬ್ಬರು ಇಡೀ ಸಮಿತಿಯನ್ನು ತಮ್ಮತ್ತ ಎಳೆದುಕೊಳ್ಳುವುದನ್ನು ಅದು ಯಾರ ಮನಸ್ಸಿಗೂ ನೋವಾಗದಂತೆ ತಡೆಯುತ್ತದೆ.

‘ಆದರೆ ಸಾಮಾನ್ಯ ಜನರಿಗೆ ಆಯವ್ಯಯದಂಥ ವಿಷಯ ಏನು ಅರ್ಥವಾಗುತ್ತದೆ?’ ಎಂಬ ಮಾತು ಇದರ ಹಿಂದೆಯೇ ಬರುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರಾಡಳಿತ 2014ರಲ್ಲಿ ತನ್ನ ಹತ್ತು ವರ್ಷಗಳ ಹಣಕಾಸು ಯೋಜನೆಯನ್ನೇ 43 ಜನರ ಸಮಿತಿಯ ಮುಂದಿಟ್ಟಿತು. ಅದು ಸುಮಾರು 500 ಕೋಟಿ ಆಸ್ಟ್ರೇಲಿಯನ್ ಡಾಲರಿನ ಲೆಕ್ಕ. ಪುಕ್ಕಟೆ ಸವಲತ್ತುಗಳ ಪಟ್ಟಿಯೊಂದು ಬರಬಹುದೆಂದು ಭಯಪಡುವವರು ಆ ಸಮಿತಿಯ ಶಿಫಾರಸುಗಳನ್ನು ಗಮನಿಸಬೇಕು: ಆಸ್ತಿ ತೆರಿಗೆಯನ್ನು ಏರಿಸಿ, ನಗರಕ್ಕೆ ಅಗತ್ಯವಿಲ್ಲದ ಆಸ್ತಿಗಳನ್ನು ಮಾರಿ, ಹವಾಮಾನ ಬದಲಾವಣೆಯನ್ನು ಎದುರಿಸಲು ಹೆಚ್ಚು ಖರ್ಚು ಮಾಡಿ ಎಂದು ಅವರು ಹೇಳಿದರು. ತೆರಿಗೆ ಏರಿಸಿ ಎಂದು ಹೇಳಲು ಚುನಾವಣೆ ಎದುರಿಸಬೇಕಾದ ಸದಸ್ಯ ಹಿಂಜರಿಯುತ್ತಾನೆ. ಲೆಕ್ಕಪತ್ರವನ್ನು ಪೂರ್ತಿ ನೋಡಿದ ತೆರಿಗೆದಾರರೇ ಅದನ್ನು ಹೇಳಿದಾಗ ಆ ಮಾತಿನ ತೂಕವೇ ಬೇರೆ. ಪೋಲೆಂಡಿನ ಗ್ದಾನ್ಸ್ಕ್ ನಗರದಲ್ಲಿ 2016ರ ಜುಲೈನಲ್ಲಿ ಭಾರಿ ಮಳೆ ಸುರಿದು ಪ್ರವಾಹವಾದ ಮೇಲೆ, ಇಂಥ ಮಳೆಗೆ ನಗರವನ್ನು ಸಜ್ಜುಗೊಳಿಸುವುದು ಹೇಗೆಂಬ ಪ್ರಶ್ನೆಯನ್ನು ಚೀಟಿಯಿಂದ ಆರಿಸಿದ ನಿವಾಸಿಗಳಿಗೇ ಒಪ್ಪಿಸಿದರು. ಚರಂಡಿಯ ವ್ಯಾಸವನ್ನು ಲೆಕ್ಕಹಾಕಲು ಜಲತಜ್ಞರು ಬೇಕೇ ಬೇಕು. ಆದರೆ ಯಾವ ಬಡಾವಣೆಯಲ್ಲಿ ನೀರು ಮೊದಲು ನುಗ್ಗುತ್ತದೆ, ಎಚ್ಚರಿಕೆಯ ಸಂದೇಶ ಯಾರಿಗೆ ತಲುಪಲಿಲ್ಲ, ಎಷ್ಟು ಅಪಾಯವನ್ನು ಎಷ್ಟು ಹಣಕ್ಕೆ ತಡೆಯುವುದು ನ್ಯಾಯ ಎಂಬುದನ್ನು ಹೇಳಬೇಕಾದವರು ಅಲ್ಲಿ ವಾಸಿಸುವವರು.

ಚೀಟಿ ಎತ್ತಿದ ಮಾತ್ರಕ್ಕೆ ಸಮಿತಿ ಇಡೀ ಊರಿನ ಪ್ರತಿರೂಪವಾಗಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಸಾವಿರಾರು ಮನೆಗಳಿಗೆ ಆಹ್ವಾನ ಹೋದರೆ ಒಪ್ಪಿ ಉತ್ತರಿಸುವವರು ಕೆಲವರೇ. ಆ ಕೆಲವರಲ್ಲಿ ಓದು ಬಲ್ಲವರೂ ರಾಜಕೀಯದಲ್ಲಿ ಆಸಕ್ತಿಯುಳ್ಳವರೂ ಹೆಚ್ಚಿರುತ್ತಾರೆ. ಆದ್ದರಿಂದ ಒಪ್ಪಿದವರೊಳಗೆ ಎರಡನೆಯ ಸಲ ಚೀಟಿ ಎತ್ತಿ, ವಯಸ್ಸು, ಲಿಂಗ, ವಾಸದ ಪ್ರದೇಶ, ಶಿಕ್ಷಣ, ಸ್ವಂತ ಮನೆಯೋ ಬಾಡಿಗೆಯೋ ಎಂಬ ಅಂಶಗಳಲ್ಲಿ ಸಮಿತಿ ಊರನ್ನು ಹೋಲುವಂತೆ ನೋಡಿಕೊಳ್ಳುತ್ತಾರೆ. ಭತ್ಯೆ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ದುಭಾಷಿ, ಗಾಲಿಕುರ್ಚಿ ಹೋಗಬಲ್ಲ ಕೊಠಡಿ ಇವು ಉದಾರತೆಯ ಲಕ್ಷಣಗಳಲ್ಲ. ಇವಿಲ್ಲದಿದ್ದರೆ ಸಾರ್ವಜನಿಕ ಸಭೆಗೆ ಬರಲಾಗದವರು ಇಲ್ಲಿಗೂ ಬರಲಾರರು. ಹೀಗಾಗಿ ಖರ್ಚು ಉಳಿಸಲೆಂದು ಮೊದಲು ಇವುಗಳಿಗೇ ಕತ್ತರಿ ಹಾಕುವ ಆಡಳಿತದ ಬಗ್ಗೆ ನನಗೆ ಕೂಡಲೇ ಅನುಮಾನ ಹುಟ್ಟುತ್ತದೆ. ಸಮಿತಿಯ ಮುಂದೆ ಯಾವ ತಜ್ಞರು ಬರಬೇಕೆಂದು ತೀರ್ಮಾನಿಸುವವರು ಯಾರೆಂಬುದೂ ಅಷ್ಟೇ ಮುಖ್ಯ. ಯೋಜನೆಯನ್ನು ರೂಪಿಸಿದ ಇಲಾಖೆಯೇ ತಜ್ಞರನ್ನೂ ಆರಿಸಿದರೆ, ಆರಿಸಿದ ನಿವಾಸಿಗಳು ಎಷ್ಟೇ ಪ್ರಾಮಾಣಿಕರಾಗಿದ್ದರೂ ಒಂದೇ ಕಡೆಯ ಮಾತನ್ನು ಕೇಳಿ ಎದ್ದುಹೋಗುತ್ತಾರೆ.

ಇನ್ನು, ಈ ಉತ್ತರದ ಮೊದಲಿಗೆ ಹೇಳಿದ ಆ ಮಾತಿಗೆ ಬರುತ್ತೇನೆ. ಬೇಸರಗೊಂಡು ಪ್ರಶ್ನೆ ಕೇಳುವವರ ಅನುಭವ ಹೊಸತಲ್ಲ. ಅಮೆರಿಕದ ಶೆರ್ರಿ ಅರ್ನ್‌ಸ್ಟೀನ್ 1969ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದ್ದಾರೆ. ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಸಮಾಧಾನಪಡಿಸುವುದು ಎಂಬ ನಡುವಿನ ಮೆಟ್ಟಿಲುಗಳನ್ನು ಅವರು ತೋರಿಕೆಯ ಪಾಲ್ಗೊಳ್ಳುವಿಕೆ ಎಂದೇ ಕರೆದರು. ಬಹಳಷ್ಟು ಸಮಿತಿಗಳು ನಿಂತುಬಿಡುವುದು ಆ ನಡುವಿನಲ್ಲೇ. ಕಾರಣ ಸರಳ: ನಿರ್ಧಾರ ಆಗಲೇ ಆಗಿಹೋಗಿರುತ್ತದೆ. ಟೆಂಡರು ಕರೆದ ಮೇಲೆ ರಸ್ತೆ ಅಗಲಿಸಬೇಕೇ ಎಂದು ಕೇಳುವುದು ಸಮಾಲೋಚನೆಯಲ್ಲ.

ಈ ವಿಷಯದಲ್ಲಿ ಇಂಗ್ಲೆಂಡಿನ ನ್ಯಾಯಾಲಯಗಳು ಬೆಳೆಸಿದ ತತ್ವ ನನಗೆ ತುಂಬ ಉಪಯುಕ್ತವಾಗಿ ಕಂಡಿದೆ. ಲಂಡನ್ನಿನ ಬ್ರೆಂಟ್ ಸ್ಥಳೀಯ ಆಡಳಿತದ ವಿರುದ್ಧ 1985ರಲ್ಲಿ ನಡೆದ ಪ್ರಕರಣದಿಂದ ನಾಲ್ಕು ನಿಯಮಗಳು ನೆಲೆಗೊಂಡವು: ಪ್ರಸ್ತಾವ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಜನರನ್ನು ಕೇಳಬೇಕು, ಅರ್ಥಪೂರ್ಣವಾಗಿ ಉತ್ತರಿಸಲು ಸಾಕಾಗುವಷ್ಟು ಕಾರಣಗಳನ್ನು ಅವರಿಗೆ ತಿಳಿಸಬೇಕು, ಸಾಕಷ್ಟು ಸಮಯ ಕೊಡಬೇಕು, ಬಂದ ಉತ್ತರಗಳನ್ನು ಅಂತಿಮ ತೀರ್ಮಾನದಲ್ಲಿ ಮನಸ್ಸಿಟ್ಟು ಪರಿಗಣಿಸಬೇಕು. ಲಂಡನ್ನಿನದೇ ಆದ ಹ್ಯಾರಿಂಗೇ ಆಡಳಿತ, ಬಡ ಕುಟುಂಬಗಳಿಗಿದ್ದ ತೆರಿಗೆ ರಿಯಾಯಿತಿಯನ್ನು ಕಡಿಮೆ ಮಾಡುವ ಯೋಜನೆಯ ಬಗ್ಗೆ ಜನರ ಅಭಿಪ್ರಾಯ ಕೇಳಿದಾಗ, ಕಡಿತ ಅನಿವಾರ್ಯವೆಂಬಂತೆ ಬರೆದಿತ್ತು. ತೆರಿಗೆ ಏರಿಸುವುದು, ಮೀಸಲು ನಿಧಿ ಬಳಸುವುದು, ಬೇರೆ ಸೇವೆಗಳ ಖರ್ಚು ತಗ್ಗಿಸುವುದು ಎಂಬ ಬೇರೆ ದಾರಿಗಳನ್ನು ಜನರ ಮುಂದಿಡಲಿಲ್ಲ. 2014ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಆ ಸಮಾಲೋಚನೆಯನ್ನು ಕಾನೂನುಬಾಹಿರವೆಂದು ಘೋಷಿಸಿತು. ಕೈಬಿಟ್ಟ ದಾರಿಗಳಾವುವು, ಏಕೆ ಕೈಬಿಟ್ಟೆವು ಎಂಬುದನ್ನು ಮುಚ್ಚಿಟ್ಟು ಅಭಿಪ್ರಾಯ ಕೇಳಿದರೆ ಜನರಿಗೆ ಉಳಿಯುವುದು ಒಪ್ಪಿಗೆಯ ಮುದ್ರೆ ಒತ್ತುವ ಕೆಲಸವಷ್ಟೇ.

ಇದಕ್ಕೆ ಎದುರಾದ ಅಪಾಯವೂ ಒಂದಿದೆ. ಅದು ನೆರವೇರಿಸಲಾಗದ ಮಾತು ಕೊಡುವುದು. ಫ್ರಾನ್ಸಿನಲ್ಲಿ 2019–20ರಲ್ಲಿ ಹವಾಮಾನದ ಬಗ್ಗೆ 150 ನಾಗರಿಕರ ಸಭೆ ನಡೆದಾಗ, ಅವರ ಪ್ರಸ್ತಾವಗಳನ್ನು ಸೋಸದೆ ಮುಂದಕ್ಕೆ ಕಳುಹಿಸುತ್ತೇನೆ ಎಂದು ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರಾನ್ ಮಾತು ಕೊಟ್ಟಿದ್ದರು. ಸಭೆ 149 ಪ್ರಸ್ತಾವಗಳನ್ನು ಕೊಟ್ಟಿತು. ಅವುಗಳಲ್ಲಿ ಕೆಲವನ್ನು ಕೈಬಿಟ್ಟರು, ಹಲವನ್ನು ಸಡಿಲಗೊಳಿಸಿದರು. 2021ರ ಫೆಬ್ರವರಿಯಲ್ಲಿ ಅದೇ ಸದಸ್ಯರು ಸರ್ಕಾರದ ಸ್ಪಂದನೆಗೆ ಹತ್ತರಲ್ಲಿ ಸರಾಸರಿ 3.3 ಅಂಕ ಕೊಟ್ಟರು. ಅದು ರಾಷ್ಟ್ರಮಟ್ಟದ ಸಭೆಯಾದರೂ ಅತಿ ಚಿಕ್ಕ ವಾರ್ಡಿನ ಸಮಿತಿಗೂ ಅದರಿಂದ ಕಲಿಯುವುದಿದೆ. ‘ನೀವು ಹೇಳಿದ್ದನ್ನೆಲ್ಲ ಮಾಡುತ್ತೇವೆ’ ಎಂದು ಹೇಳಿ ಮಾಡದಿರುವುದಕ್ಕಿಂತ, ‘ನೀವು ಹೇಳಿದ ಪ್ರತಿಯೊಂದಕ್ಕೂ ಕಾರಣಸಹಿತ ಲಿಖಿತ ಉತ್ತರ ಕೊಡುತ್ತೇವೆ’ ಎಂದು ಹೇಳಿ ಹಾಗೆಯೇ ನಡೆದುಕೊಳ್ಳುವುದು ಮೇಲು. ಗ್ದಾನ್ಸ್ಕ್ ಇನ್ನೂ ಮುಂದೆ ಹೋಯಿತು. ಸಮಿತಿಯಲ್ಲಿ ಶೇಕಡ 80ರಷ್ಟು ಜನರ ಬೆಂಬಲ ಪಡೆದ ಶಿಫಾರಸನ್ನು ಜಾರಿಗೆ ತರುವುದಾಗಿ ಅಲ್ಲಿನ ಮೇಯರ್ ಪಾವೆಲ್ ಆದಾಮೊವಿಚ್ ಒಪ್ಪಿಕೊಂಡಿದ್ದರು. ಇಷ್ಟು ಎತ್ತರದ ಮಿತಿಯಿಟ್ಟರೆ, ಅದನ್ನು ದಾಟಿ ಬಂದ ಸಲಹೆಯನ್ನು ತಳ್ಳಿಹಾಕಲು ಆಯ್ಕೆಯಾದ ಸದಸ್ಯರಿಗೂ ಒಳ್ಳೆಯ ಕಾರಣ ಸಿಗುವುದು ಕಷ್ಟ.

ಅಂತಿಮ ನಿರ್ಧಾರ ಆಯ್ಕೆಯಾದ ಸದಸ್ಯರ ಕೈಯಲ್ಲೇ ಇರಬೇಕೆಂಬುದನ್ನು ನಾನು ಒಪ್ಪುತ್ತೇನೆ. ಮುಂದಿನ ಚುನಾವಣೆಯಲ್ಲಿ ಜನರು ಪ್ರಶ್ನಿಸಬಲ್ಲದ್ದು ಅವರನ್ನೇ. ಚೀಟಿಯಿಂದ ಬಂದವರು ಕೆಲಸ ಮುಗಿಸಿ ಮನೆಗೆ ಮರಳುತ್ತಾರೆ. ಎಲ್ಲ ವಿಷಯವೂ ಸಮಿತಿಗೆ ತಕ್ಕುದೂ ಅಲ್ಲ. ಒಬ್ಬರ ಕಟ್ಟಡ ಪರವಾನಗಿ, ಕಾನೂನು ಈಗಾಗಲೇ ಕಡ್ಡಾಯ ಮಾಡಿರುವ ಸೇವೆ, ಅಲ್ಪಸಂಖ್ಯೆಯ ಗುಂಪೊಂದರ ಹಕ್ಕು ಇವುಗಳನ್ನು ಬಹುಮತದ ಚರ್ಚೆಗೆ ಬಿಡಬಾರದು. ಹಲವು ವರ್ಷಗಳ ಪರಿಣಾಮವುಳ್ಳ, ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾದ, ಪಕ್ಷಗಳು ಮುಟ್ಟಲು ಹೆದರುವ ಪ್ರಶ್ನೆಗಳಿಗೆ ಸಮಿತಿ ಸೂಕ್ತ.

ಬೆಲ್ಜಿಯಂನ ಜರ್ಮನ್ ಭಾಷಿಕ ಪ್ರದೇಶದ ಜನಸಂಖ್ಯೆ ಸುಮಾರು 77,000. ಅಲ್ಲಿನ ಸಂಸತ್ತು 2019ರಲ್ಲಿ ಸರ್ವಾನುಮತದಿಂದ ಒಂದು ಶಾಶ್ವತ ವ್ಯವಸ್ಥೆಗೆ ಕಾನೂನು ಮಾಡಿತು. 24 ಜನರ ನಾಗರಿಕ ಪರಿಷತ್ತು ಚರ್ಚೆಯ ವಿಷಯವನ್ನು ತಾನೇ ಆರಿಸುತ್ತದೆ, ಆ ವಿಷಯಕ್ಕಾಗಿ ಚೀಟಿಯ ಮೂಲಕ 25ರಿಂದ 50 ನಿವಾಸಿಗಳ ಸಭೆ ಸೇರುತ್ತದೆ, ಬಂದ ಶಿಫಾರಸುಗಳನ್ನು ಸಂಸತ್ತು ಚರ್ಚಿಸಿ ಉತ್ತರಿಸಲೇಬೇಕು, ಆಮೇಲೆ ಏನಾಯಿತೆಂಬುದರ ಮೇಲೆ ಪರಿಷತ್ತು ಕಣ್ಣಿಡುತ್ತದೆ. ಪರಿಷತ್ತಿನ ಸದಸ್ಯತ್ವ ಒಂದೂವರೆ ವರ್ಷದ್ದು. ಯಾವುದನ್ನು ಚರ್ಚಿಸಬೇಕೆಂದು ನಿವಾಸಿಗಳೇ ಹೇಳುವ ಈ ಅಂಶ ನನ್ನ ಮಟ್ಟಿಗೆ ಅತಿ ದೊಡ್ಡ ಬದಲಾವಣೆ, ಏಕೆಂದರೆ ಬೇರೆಡೆ ಹೆಚ್ಚಿನ ಸಮಿತಿಗಳು ಆಡಳಿತ ಒಪ್ಪಿಸಿದ ಪ್ರಶ್ನೆಗೆ ಮಾತ್ರ ಉತ್ತರ ಹುಡುಕುತ್ತಿರುತ್ತವೆ.

ಆದ್ದರಿಂದ ‘ನನಗೆ ಸಮಿತಿಯ ಆಹ್ವಾನ ಬಂದಿದೆ, ಹೋಗಲೇ?’ ಎಂದು ಕೇಳುವವರಿಗೆ ನಾನು ಹೋಗಿ ಎಂದೇ ಹೇಳುತ್ತೇನೆ. ಜೊತೆಗೆ ಮೊದಲ ದಿನವೇ ಆಡಳಿತದಿಂದ ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯಿರಿ ಎನ್ನುತ್ತೇನೆ: ಈ ವಿಷಯದಲ್ಲಿ ಇನ್ನೂ ತೀರ್ಮಾನವಾಗದೆ ಉಳಿದಿರುವುದೇನು, ನಮ್ಮ ವರದಿ ಯಾವ ತಾರೀಖಿನ ಸಭೆಯ ಮುಂದೆ ಬರುತ್ತದೆ, ಒಪ್ಪದ ಶಿಫಾರಸುಗಳಿಗೆ ಕಾರಣವನ್ನು ಯಾರು ಸಹಿ ಹಾಕಿ ಕೊಡುತ್ತಾರೆ.