ಟರ್ಕಿಗೆ ಹೋಗ್ತೀರಾ? ದೃಷ್ಟಿಮಣಿ ಕೊಳ್ಳೋಕೆ ಇಜ್ಮಿರ್ ತನಕ ಕಾಯಿರಿ

ಟರ್ಕಿಗೆ ಹೋಗಿ ಬಂದವರ ಮನೆಯಲ್ಲಿ ಒಂದು ನೀಲಿ ಗಾಜಿನ ಕಣ್ಣು ಇದ್ದೇ ಇರುತ್ತದೆ. ಫ್ರಿಜ್ಜಿನ ಮೇಲೆ, ಕಾರಿನ ಕನ್ನಡಿಗೆ, ಇಲ್ಲವೇ ಬೀಗದಕೈ ಗೊಂಚಲಿನಲ್ಲಿ. ಕಡುನೀಲಿ ಗಾಜು, ಅದರೊಳಗೆ ಬಿಳಿ ಸುತ್ತು, ಮತ್ತೆ ತಿಳಿನೀಲಿ, ನಡುವೆ ಕಪ್ಪು ಬೊಟ್ಟು. ಅಲ್ಲಿನವರು ನಜರ್ ಬೊಂಜೂ ಅನ್ನುತ್ತಾರೆ. 2018ರಲ್ಲಿ ಎಮೋಜಿ ಪಟ್ಟಿಗೂ ಸೇರಿತು, ಹಾಗಾಗಿ ಟರ್ಕಿ ನೋಡದವರಿಗೂ ಗೊತ್ತು.

ಬಹಳ ಜನ ಇದನ್ನು ಇಸ್ತಾಂಬುಲ್‌ನ ಗ್ರ್ಯಾಂಡ್ ಬಜಾರಿನಲ್ಲೋ ವಿಮಾನ ನಿಲ್ದಾಣದಲ್ಲೋ ಕೊಂಡು ಬಂದುಬಿಡುತ್ತಾರೆ. ಕೊಳ್ಳಿ, ತಪ್ಪೇನಿಲ್ಲ. ಆದರೆ ನಿಮ್ಮ ಪ್ಲಾನಿನಲ್ಲಿ ಪುರಾತನ ಪಾಳುನಗರ ಎಫೆಸಸ್ ಇದ್ದರೆ (ಸಾಮಾನ್ಯವಾಗಿ ಇರುತ್ತದೆ), ಹೇಗೂ ಪಶ್ಚಿಮ ಕರಾವಳಿಯ ಇಜ್ಮಿರ್ ಕಡೆ ಹೋಗುತ್ತೀರಿ. ಆ ಮಣಿ ಹುಟ್ಟುವುದು ಅಲ್ಲೇ, ಆ ಊರಿನ ಆಸುಪಾಸಿನ ಹಳ್ಳಿಗಳಲ್ಲಿ. ಅರ್ಧ ದಿನ ಎತ್ತಿಡಿ. ಇನ್ನೊಂದು ಮಾತು, ಕೆಟ್ಟ ದೃಷ್ಟಿ ತಾಗದಿರಲಿ ಅಂತ ಇಡುವ ಈ ಮಣಿ ಆ ನಂಬಿಕೆಯ ಸಣ್ಣ ಭಾಗ ಅಷ್ಟೇ. ಜಾಸ್ತಿ ಇರುವುದು ಜನರ ಮಾತಿನಲ್ಲಿ, ಕೈಬಾಯಿಯ ಅಭ್ಯಾಸದಲ್ಲಿ. ಅದನ್ನು ಸ್ವಲ್ಪ ತಿಳಿದುಕೊಂಡು ಹೋದರೆ ಪ್ರವಾಸದ ರುಚಿಯೇ ಬೇರೆ.

ಮೊದಲು ದಾರಿ. ಇಸ್ತಾಂಬುಲ್‌ನಿಂದ ಇಜ್ಮಿರ್‌ಗೆ ವಿಮಾನದಲ್ಲಿ ಒಂದು ಗಂಟೆ. ಬಸ್ಸೂ ಇದೆ, ಚೆನ್ನಾಗಿದೆ, ಆದರೆ ಹೆಚ್ಚು ಕಡಿಮೆ ಇಡೀ ದಿನ ಅಥವಾ ಇಡೀ ರಾತ್ರಿ ಹೋಗುತ್ತದೆ. ಮಣಿ ಮಾಡುವ ಹಳ್ಳಿಗಳು ಮುಖ್ಯವಾಗಿ ಎರಡು. ಗೊರೆಜೆ, ಇಜ್ಮಿರ್ ವಿಮಾನ ನಿಲ್ದಾಣದಿಂದ ದಕ್ಷಿಣಕ್ಕೆ, ಎಫೆಸಸ್ ಕಡೆಗೆ ಹೋಗುವಾಗ ಹತ್ತಿರದಲ್ಲೇ ಸಿಗುತ್ತದೆ. ಇನ್ನೊಂದು ನಜರ್‌ಕೊಯ್, ಊರಿನ ಪೂರ್ವಕ್ಕೆ, ಕೆಮಾಲ್‌ಪಾಶಾ ತಾಲೂಕಿನಲ್ಲಿ. ಇದರ ಹಳೆಯ ಹೆಸರು ಕುರುದೆರೆ, ಮಣಿಯ ದೆಸೆಯಿಂದಲೇ ಹೆಸರು ಬದಲಾಯಿತು. ಟೈಮ್ ಕಡಿಮೆ ಇದ್ದರೆ ಗೊರೆಜೆ. ನೋಡುವ ಆಸೆ ಇದ್ದರೆ ನಜರ್‌ಕೊಯ್. ನನ್ನ ಓಟು ನಜರ್‌ಕೊಯ್‌ಗೆ. ಬಾಡಿಗೆ ಕಾರು ಇದ್ದರೆ ಸುಲಭ, ಇಲ್ಲದಿದ್ದರೆ ಮೆಟ್ರೋದಲ್ಲಿ ಬೊರ್ನೊವಾ ತನಕ ಹೋಗಿ ಅಲ್ಲಿಂದ ಕೆಮಾಲ್‌ಪಾಶಾ ಕಡೆಯ ಬಸ್ಸು ವಿಚಾರಿಸಬೇಕು. ಕೊನೆಯ ತುಂಡು ದಾರಿಗೆ ಟ್ಯಾಕ್ಸಿ ಮಾಡಿಕೊಳ್ಳುವುದು ವಾಸಿ, ವಾಪಸ್ ಬರೋಕೂ ಅದೇ ಡ್ರೈವರ್‌ಗೆ ಹೇಳಿಟ್ಟುಕೊಳ್ಳಿ. ನಾವು ಹಾಗೇ ಮಾಡಿದೆವು.

ಬೆಳಿಗ್ಗೆಯೇ ಹೋಗಿ. ಬೇಸಿಗೆಯಲ್ಲಿ ಇಜ್ಮಿರ್ ಬಿಸಿಲು ನಮ್ಮ ಕಲಬುರಗಿಯವರಿಗೂ ಸಾಕು ಅನ್ನಿಸುತ್ತದೆ, ಅದರ ಮೇಲೆ ಕುಲುಮೆಯ ಕಾವು ಬೇರೆ. ಏಪ್ರಿಲ್-ಮೇ ಅಥವಾ ಅಕ್ಟೋಬರ್ ಒಳ್ಳೆಯದು. ಮೇ ಕೊನೆಗೆ ಹೋದರೆ ಕೆಮಾಲ್‌ಪಾಶಾದ ಚೆರಿ ಹಣ್ಣು ಸಿಗುತ್ತದೆ, ಆ ಭಾಗ ಅದಕ್ಕೇ ಹೆಸರುವಾಸಿ.

ಈಗ ಕುಲುಮೆ. ಹೊರಗಿನಿಂದ ನೋಡಿದರೆ ತಗಡಿನ ಶೆಡ್ಡು, ಪಕ್ಕದಲ್ಲಿ ಪೈನ್ ಸೌದೆಯ ರಾಶಿ, ಒಡೆದ ಬಾಟಲಿ ಗಾಜಿನ ಗುಡ್ಡೆ. ಒಳಗೆ ಕತ್ತಲೆ. ನಡುವೆ ಮಣ್ಣಿನ ಗುಮ್ಮಟದಂಥ ಒಲೆ, ಸುತ್ತಲೂ ಕಿಟಕಿಯಂಥ ಬಾಯಿಗಳು, ಒಂದೊಂದು ಬಾಯಿಗೆ ಒಬ್ಬೊಬ್ಬ ಕುಶಲಿ ಕೂತಿರುತ್ತಾನೆ. ಅಂಥವರನ್ನು ಅಲ್ಲಿ ಉಸ್ತಾ ಎಂದು ಕರೆಯುತ್ತಾರೆ, ನೀವೂ ಹಾಗೇ ಕರೆಯಿರಿ, ಖುಷಿಪಡುತ್ತಾರೆ. ನಾವು ನೋಡಿದ ಉಸ್ತಾ ಎರಡು ಕಬ್ಬಿಣದ ಕಡ್ಡಿ ಹಿಡಿದಿದ್ದ. ಒಂದು ಕಡ್ಡಿಯ ತುದಿಯನ್ನು ಕಡುನೀಲಿ ಗಾಜಿನಲ್ಲಿ ಅದ್ದಿ ತಿರುಗಿಸುತ್ತಾ ಉಂಡೆ ಮಾಡಿದ. ಕೆಂಪಗೆ ಹೊಳೆಯುತ್ತಿತ್ತು, ನೀಲಿಯ ಸುಳಿವೇ ಇಲ್ಲ. ಚಪ್ಪಟೆ ಕಬ್ಬಿಣದಿಂದ ಒಮ್ಮೆ ಒತ್ತಿದ. ಇನ್ನೊಂದು ಕಡ್ಡಿಯಿಂದ ಬಿಳಿ ಗಾಜಿನ ಒಂದು ತೊಟ್ಟು, ಅದು ಬೆಲ್ಲದ ಏರುಪಾಕದ ಹಾಗೆ ಎಳೆ ಬಿಟ್ಟುಕೊಂಡು ಬಂತು. ಮತ್ತೆ ಒತ್ತು. ಅದರ ಮೇಲೆ ತಿಳಿನೀಲಿ, ಕೊನೆಗೆ ಕಪ್ಪು. ಒಂದು ಟೀ ಕುಡಿಯುವಷ್ಟು ಹೊತ್ತು ಕೂಡ ಆಗಲಿಲ್ಲ. ಕಡ್ಡಿಯನ್ನು ತಟ್ಟಿದ, ಮಣಿ ಕಳಚಿ ಒಲೆಯ ಪಕ್ಕದ ಗೂಡಿಗೆ ಬಿತ್ತು. ಆ ಗೂಡಿನಲ್ಲಿ ನಿಧಾನಕ್ಕೆ ಆರಬೇಕು. ಬೇಗ ಹೊರಗೆ ತೆಗೆದರೆ ಬಿರುಕು ಬಿಡುತ್ತದೆ. ಅದಕ್ಕೇ ನಿಮ್ಮ ಕಣ್ಣೆದುರು ಮಾಡಿದ ಮಣಿಯನ್ನೇ ಕೈಗೆ ಕೊಡಿ ಅಂತ ಹಟ ಮಾಡಬೇಡಿ, ಆಗೋದಿಲ್ಲ.

ನೀಲಿ ಬಣ್ಣ ಬರುವುದು ಕೋಬಾಲ್ಟ್ ಮತ್ತು ತಾಮ್ರದಿಂದ. ಹಿಂದೆ ಈ ಕುಲುಮೆಗಳು ಇಜ್ಮಿರ್ ಪೇಟೆಯೊಳಗೇ ಇದ್ದವಂತೆ, ಹೊಗೆ ಮತ್ತು ಬೆಂಕಿಯ ಭಯಕ್ಕೆ ಹಳ್ಳಿಗೆ ಹೋದವು ಅನ್ನುತ್ತಾರೆ. ಆ ಹೊಗೆಯಲ್ಲಿ ಹತ್ತು ನಿಮಿಷ ನಿಂತವರಿಗೆ ಇದು ಸುಳ್ಳಲ್ಲ ಅಂತ ಗೊತ್ತಾಗುತ್ತದೆ. ಆಸ್ತಮಾ ಇದ್ದವರು ಬಾಗಿಲಲ್ಲೇ ನಿಂತು ನೋಡಿ. ಮಕ್ಕಳ ಕೈ ಬಿಡಬೇಡಿ, ಕಡ್ಡಿಗಳು ಎಲ್ಲೆಂದರಲ್ಲಿ ಕಾದಿರುತ್ತವೆ. ಫೋಟೋಗೆ ಮುಂಚೆ ಕೇಳಿ, ಬೇಡ ಅನ್ನುವುದಿಲ್ಲ. ಏನಾದರೂ ಸಣ್ಣದು ಕೊಂಡು ಬನ್ನಿ ಅಷ್ಟೆ. ಹೊಸ ಹುಡುಗರು ಈ ಕೆಲಸಕ್ಕೆ ಬರುತ್ತಿಲ್ಲ, ಕಾವಿನ ಮುಂದೆ ದಿನವಿಡೀ ಕೂರೋದು ಯಾರಿಗೆ ಬೇಕು ಎಂದು ಅಲ್ಲಿನ ಒಬ್ಬರು ನಮ್ಮ ಡ್ರೈವರ್ ಮೂಲಕ ಹೇಳಿದರು.

ಕೈಯಲ್ಲಿ ಮಾಡಿದ್ದು ಯಾವುದು, ಯಂತ್ರದ್ದು ಯಾವುದು ಅಂತ ಗುರುತಿಸುವುದು ಕಷ್ಟ ಅಲ್ಲ. ಕೈಯದ್ದರಲ್ಲಿ ಸುತ್ತುಗಳು ಸ್ವಲ್ಪ ಸೊಟ್ಟ ಇರುತ್ತವೆ, ಕಪ್ಪು ಬೊಟ್ಟು ನಡುವಿನಿಂದ ಒಂಚೂರು ಪಕ್ಕಕ್ಕೆ ಜರುಗಿರುತ್ತದೆ. ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಗುಳ್ಳೆ ಕಾಣುತ್ತವೆ. ಒಂದರ ಪಕ್ಕ ಒಂದು ಇಟ್ಟರೆ ಎರಡೂ ಒಂದೇ ಥರ ಇರೋದಿಲ್ಲ. ಅಂಗಡಿಯ ಬುಟ್ಟಿಯಲ್ಲಿ ಐವತ್ತೂ ಅಚ್ಚು ಹಾಕಿದ ಹಾಗೆ ಒಂದೇ ಆಗಿದ್ದರೆ ಅರ್ಥ ಮಾಡಿಕೊಳ್ಳಿ. ಕೆನ್ನೆಗೆ ಇಟ್ಟು ನೋಡಿ, ಗಾಜು ತಣ್ಣಗಿರುತ್ತದೆ, ಪ್ಲಾಸ್ಟಿಕ್ ಅಲ್ಲ. ಉಗುರಿನಿಂದ ಕೆರೆದಾಗ ಕಣ್ಣು ಕಿತ್ತು ಬಂದರೆ ಅದು ಬರೀ ಪೇಂಟು. ಇಲ್ಲಿ ರೇಟು ಬರೆಯುತ್ತಿಲ್ಲ, ಲಿರಾದ ಬೆಲೆ ಇಳಿಯುವ ಸ್ಪೀಡಿಗೆ ನಾನು ಬರೆದದ್ದು ನಿಮಗೆ ಉಪಯೋಗಕ್ಕೆ ಬರೋದಿಲ್ಲ. ಹಳ್ಳಿಗೆ ನಗದು ಇಟ್ಟುಕೊಂಡು ಹೋಗಿ.

ಇನ್ನು ಮಾತಿನ ವಿಷಯ. ಇದು ಮಣಿಗಿಂತ ಮುಖ್ಯ, ಮಕ್ಕಳನ್ನು ಕರೆದುಕೊಂಡು ಹೋಗುವವರು ಗಮನವಿಟ್ಟು ಓದಿ. ಇಜ್ಮಿರ್‌ನ ಕೆಮೆರಾಲ್ತಿ ಪೇಟೆಯಲ್ಲಿ, ಹಳೆಯ ಕಿಜ್‌ಲರಾಸಿ ಛತ್ರದ ಅಂಗಳದಲ್ಲಿ ಟೀ ಕುಡಿಯುತ್ತಾ ಕೂತಿದ್ದೆವು. ಪಕ್ಕದ ಮೇಜಿನ ಅಜ್ಜಿ ನಮ್ಮ ಮಗಳ ಗಲ್ಲ ಹಿಡಿದು ಮುದ್ದಿಸಿದರು, ಆಮೇಲೆ ಅವಳ ಕಡೆಗೇ ಬಾಯಿ ತಿರುಗಿಸಿ "ತೂ ತೂ ತೂ, ಮಾಶಾಲ್ಲಾ" ಅಂದುಬಿಟ್ಟರು. ನನ್ನ ಹೆಂಡತಿಯ ಮುಖ ನೋಡಬೇಕಿತ್ತು. ಅದು ಬೈಗುಳ ಅಲ್ಲ, ನಿಜವಾಗಿ ಉಗುಳುವುದೂ ಇಲ್ಲ. ತಾನು ಹೊಗಳಿದ್ದರಿಂದ ಮಗುವಿಗೆ ಕಣ್ಣು ತಾಗದಿರಲಿ ಅಂತ ಅಜ್ಜಿ ತಾನೇ ದೃಷ್ಟಿ ತೆಗೆಯುತ್ತಿದ್ದರು. ಥೇಟ್ ನಮ್ಮ ಅಜ್ಜಿಯರ ಕೆಲಸ, ಅಲ್ವಾ? ಆಮೇಲೆ ಪರ್ಸಿನಿಂದ ಪಿನ್ನಿಗೆ ಪೋಣಿಸಿದ ಪುಟ್ಟ ಮಣಿ ತೆಗೆದು ಮಗಳ ಭುಜಕ್ಕೆ ಚುಚ್ಚಿದರು. ಬೇಡ ಅನ್ನಬೇಡಿ, ದುಡ್ಡೂ ಕೊಡಹೋಗಬೇಡಿ.

ನೀವೂ ಅಲ್ಲಿಯ ಮಗುವನ್ನು ನೋಡಿ ಎಷ್ಟು ಮುದ್ದಾಗಿದೆ ಅಂತ ಸುಮ್ನೆ ಹೇಳಿ ಬಿಡಬೇಡಿ, ಜೊತೆಗೆ ಮಾಶಾಲ್ಲಾ ಸೇರಿಸಿ. ಹೊಸ ಕಾರು, ಹೊಸ ಮನೆ, ಎಲ್ಲದಕ್ಕೂ ಅದೇ. ದೇವರು ಬಯಸಿದ್ದು ಆಯಿತು ಅನ್ನುವ ಮಾತು ಅದು, ಅಂದರೆ ನನಗೆ ಹೊಟ್ಟೆಕಿಚ್ಚಿಲ್ಲ ಅಂತ. ಲಾರಿ ಹಿಂಬದಿಯಲ್ಲೂ ಬರೆದಿರುತ್ತದೆ. "ನಜರ್ ದೆಯ್ಮೆಸಿನ್" ಅಂತಲೂ ಕೇಳಿಸುತ್ತದೆ, ಕಣ್ಣು ತಾಗದಿರಲಿ ಅಂತ. ಕೆಟ್ಟ ಸುದ್ದಿ ಮಾತಾಡುವಾಗ ಕಿವಿಯ ಹಾಲೆ ಎಳೆದುಕೊಂಡು ಮೇಜು ತಟ್ಟುತ್ತಾರೆ, ನಮ್ಮ ಡ್ರೈವರ್ ಆಕ್ಸಿಡೆಂಟ್ ಕಥೆ ಹೇಳುವಾಗ ಸ್ಟೀರಿಂಗ್ ಬಿಟ್ಟು ಇದನ್ನೇ ಮಾಡಿದ. ನೀಲಿ ಕಣ್ಣಿನವರ ದೃಷ್ಟಿ ಜೋರು ಅನ್ನುವ ನಂಬಿಕೆ ಹಳ್ಳಿ ಕಡೆ ಇದೆ. ನಮ್ಮ ಕಪ್ಪು ಕಣ್ಣಿಗೆ ಆ ತೊಂದರೆ ಇಲ್ಲ!

ಸೀಸ ಹೊಯ್ಯುವುದು ಅಂತ ಒಂದಿದೆ, ಕುರ್ಶುನ್ ದೊಕ್ಮೆ. ದೃಷ್ಟಿ ತಾಗಿದವರ ತಲೆಗೆ ಬಟ್ಟೆ ಹೊದಿಸಿ, ಮೇಲೆ ತಣ್ಣೀರಿನ ಪಾತ್ರೆ ಹಿಡಿದು, ಕರಗಿದ ಸೀಸವನ್ನು ಸೌಟಿನಿಂದ ಅದಕ್ಕೆ ಸುರಿಯುತ್ತಾರೆ. ಚೊಯ್ ಅಂತ ಸದ್ದಾಗಿ ಸೀಸ ಮುಳ್ಳುಮುಳ್ಳಾಗಿ ಗಟ್ಟಿಯಾಗುತ್ತದೆ. ಆ ಆಕಾರ ನೋಡಿ ಯಾರ ಕಣ್ಣು, ಎಷ್ಟು ಜೋರು ಅಂತ ಹೇಳುತ್ತಾರೆ. ಮಾಡುವವರು ಸಾಮಾನ್ಯವಾಗಿ ವಯಸ್ಸಾದ ಹೆಂಗಸರು, ಹಿಂದಿನವರಿಂದ ಇದನ್ನು ಮಾಡುವ ಅನುಮತಿ ಪಡೆದವರು. ಇದು ಮನೆಯೊಳಗಿನ ಕೆಲಸ. ಪ್ರವಾಸಿಗರಿಗೆ ಮಾಡಿ ತೋರಿಸುತ್ತೇವೆ ಅಂತ ಯಾರಾದರೂ ಕರೆದರೆ ನಾನಂತೂ ಹೋಗೋದಿಲ್ಲ. ಸೀಸದ ಹೊಗೆ ವಿಷ, ಮಕ್ಕಳಿಗೆ ಇಷ್ಟು ಮಾತ್ರ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಂಬಿಕೆ ಬೇರೆ, ಪುಪ್ಪುಸ ಬೇರೆ.

ಕಪ್ಪಡೋಕಿಯಾ ಕಡೆ ಹೋಗುವವರಿಗೆ: ಉಚ್‌ಹಿಸಾರ್ ಹತ್ತಿರ ಪಾರಿವಾಳ ಕಣಿವೆಯ ವ್ಯೂ ಪಾಯಿಂಟಿನಲ್ಲಿ ಒಣಮರಗಳ ತುಂಬ ನೀಲಿ ಮಣಿ ನೇತು ಹಾಕಿದ್ದಾರೆ. ಫೋಟೋಗೆ ಸಖತ್ತಾಗಿದೆ, ಅದರಾಚೆಗೆ ಹಳೆಯ ಆಚರಣೆ ಏನೋ ಇದೆ ಅಂದುಕೊಂಡು ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ನೋಡಬೇಕಾದ್ದು ಉಜೆರ್‌ಲಿಕ್. ಒಂದು ಕಾಡುಗಿಡದ ಒಣ ಕಾಯಿಗಳನ್ನು ದಾರಕ್ಕೆ ಪೋಣಿಸಿ, ನಡುನಡುವೆ ಬಣ್ಣದ ಬಟ್ಟೆಚೂರು ಸೇರಿಸಿ ಮಾಡಿದ ತೋರಣ. ಗೋಡೆಗೆ ತೂಗುಹಾಕುತ್ತಾರೆ. ಅದೇ ಗಿಡದ ಬೀಜವನ್ನು ಕೆಂಡಕ್ಕೆ ಹಾಕಿ ಮನೆಗೆಲ್ಲ ಹೊಗೆ ತೋರಿಸುತ್ತಾರೆ, ಚಟಚಟ ಸಿಡಿದರೆ ದೃಷ್ಟಿ ಸಿಡಿಯಿತು ಅಂತ. ನೋಡೋಕೆ ಮಣಿಗಿಂತ ಚೆಂದ. ಆದರೆ ಬೀಜ ಇರುವ ವಸ್ತು, ಭಾರತಕ್ಕೆ ತರುವಾಗ ಸಸ್ಯ ಕ್ವಾರಂಟೈನ್ ನಿಯಮ ಅಡ್ಡ ಬರುತ್ತದೆ. ಬೀಜ ತಿಂದರೆ ವಿಷ ಕೂಡ. ಫೋಟೋ ತೆಗೆದು ಅಲ್ಲೇ ಬಿಟ್ಟು ಬನ್ನಿ.

ಎಲ್ಲರೂ ಇದನ್ನೆಲ್ಲ ಒಪ್ಪುತ್ತಾರೆ ಅಂತ ಅಂದುಕೊಳ್ಳಬೇಡಿ. ಸರ್ಕಾರದ ಧಾರ್ಮಿಕ ವ್ಯವಹಾರಗಳ ಇಲಾಖೆ, ದಿಯಾನೆತ್, ಮಣಿ ಕಟ್ಟುವುದು ಇಸ್ಲಾಮಿಗೆ ಸಲ್ಲದು ಅಂತ 2021ರಲ್ಲಿ ಹೇಳಿತು. ಕಣ್ಣು ತಾಗುತ್ತದೆ ಅನ್ನುವುದನ್ನು ಅವರು ಅಲ್ಲಗಳೆಯುವುದಿಲ್ಲ, ಕಾಪಾಡುವವನು ದೇವರು, ಗಾಜಲ್ಲ ಅನ್ನುವುದು ಅವರ ವಾದ. ಹಾಗಾಗಿ ಧರ್ಮನಿಷ್ಠರ ಮನೆಯಲ್ಲಿ ಮಣಿಯ ಬದಲು ಕುರಾನಿನ ಸಾಲು ಬರೆದ ಫಲಕ ಕಾಣುತ್ತದೆ, ಕೆಲವರ ಮನೆಯಲ್ಲಿ ಎರಡೂ ಪಕ್ಕಪಕ್ಕದಲ್ಲೇ. ಪ್ರಾರ್ಥನೆ ಬರೆದ ಕಾಗದ ಮಡಚಿ ಮೂರು ಮೂಲೆಯಾಗಿ ಹೊಲಿದ ತಾಯತವೂ ಇದೆ, ಮುಸ್ಕಾ ಅನ್ನುತ್ತಾರೆ. ಯಾರದಾದರೂ ಕೊರಳಲ್ಲಿ ಕಂಡರೆ ಮುಟ್ಟೋದು, ಬಿಚ್ಚಿ ತೋರಿಸಿ ಅನ್ನೋದು ಬೇಡ.

ಒಂದು ಗಂಭೀರ ಎಚ್ಚರಿಕೆ. ಎಫೆಸಸ್‌ನಂಥ ಪಾಳುಬಿದ್ದ ಊರುಗಳ ಸುತ್ತ ಯಾರಾದರೂ ಹತ್ತಿರ ಬಂದು, ಇದು ಇಲ್ಲೇ ಸಿಕ್ಕ ರೋಮನ್ ಕಾಲದ ಮಣಿ, ನಿಮಗೆ ಮಾತ್ರ ಅಂತ ಪಿಸುಗುಟ್ಟಿದರೆ ಮುಂದೆ ನಡೆಯಿರಿ. ನಕಲಿಯಾದರೆ ದುಡ್ಡು ಹೋಯಿತು. ಅಸಲಿಯಾದರೆ ಇನ್ನೂ ಕಷ್ಟ, ಟರ್ಕಿಯಿಂದ ಪ್ರಾಚೀನ ವಸ್ತು ಹೊರಗೆ ಒಯ್ಯುವುದು ಅಪರಾಧ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಹಳೆಯ ಗಾಜು ನೋಡುವ ಆಸೆ ಇದ್ದರೆ ಬೊದ್ರುಮ್ ಕೋಟೆಯೊಳಗಿನ ನೀರಡಿ ಪುರಾತತ್ವ ಮ್ಯೂಸಿಯಂಗೆ ಹೋಗಿ. ಸುಮಾರು 3,300 ವರ್ಷದ ಹಿಂದೆ ಮುಳುಗಿದ ಉಲುಬುರುನ್ ಹಡಗಿನ ಸರಕು ಅಲ್ಲಿದೆ, ಅದರಲ್ಲಿ ಕೋಬಾಲ್ಟ್ ನೀಲಿ ಗಾಜಿನ ಗಟ್ಟಿಗಳೂ ಸೇರಿವೆ. ಅದೇ ನೀಲಿ.

ಊಟಕ್ಕೆ ಹೆದರಬೇಡಿ. ಹಳ್ಳಿಯಲ್ಲಿ ಗೊಜ್ಲೆಮೆ ಸಿಗುತ್ತದೆ, ತೆಳ್ಳಗೆ ಲಟ್ಟಿಸಿದ ರೊಟ್ಟಿಯೊಳಗೆ ಪಾಲಕ್, ಆಲೂಗಡ್ಡೆ ಅಥವಾ ಚೀಸ್. "ಎತ್‌ಸಿಜ್" ಅಂದರೆ ಮಾಂಸ ಬೇಡ ಅಂತ. ಇಜ್ಮಿರ್‌ನಲ್ಲಿ ಬೆಳಿಗ್ಗೆ ಬೊಯೊಜ್ ತಿನ್ನಿ, ಪದರಪದರದ ಬೇಕರಿ ತಿಂಡಿ. ಕುಮ್ರು ಅನ್ನುವ ಸ್ಯಾಂಡ್‌ವಿಚ್ ನೋಡೋಕೆ ಸಸ್ಯಾಹಾರಿ ಥರ ಕಂಡರೂ ಒಳಗೆ ಸಾಸೇಜ್ ಇರಬಹುದು, ಕೇಳಿ ತಗೊಳ್ಳಿ. ವೀಸಾ ಬಗ್ಗೆ ಇಷ್ಟೇ: ಅಮೆರಿಕ, ಇಂಗ್ಲೆಂಡ್, ಐರ್ಲೆಂಡ್ ಅಥವಾ ಷೆಂಗೆನ್ ವೀಸಾ ಚಾಲ್ತಿಯಲ್ಲಿ ಇರುವವರಿಗೆ ಇ-ವೀಸಾದ ದಾರಿ ಇದೆ, ಉಳಿದವರು ಸ್ಟಿಕರ್ ವೀಸಾಗೆ ಅರ್ಜಿ ಹಾಕಬೇಕು, ಅದಕ್ಕೆ ಟೈಮ್ ಹಿಡಿಯುತ್ತದೆ. ಟಿಕೆಟ್ ಮಾಡುವ ಮುಂಚೆ ಅಧಿಕೃತ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಇಜ್ಮಿರ್ ಕಡೆ ಹೋಗುವುದೇ ಇಲ್ಲ, ಬರೀ ಇಸ್ತಾಂಬುಲ್ ಅನ್ನುವವರು ವಾರಾಂತ್ಯದಲ್ಲಿ ಎಯುಪ್ ಸುಲ್ತಾನ್ ಮಸೀದಿ ಕಡೆ ಒಂದು ಸುತ್ತು ಹಾಕಿ. ಸುನ್ನತ್‌ಗೆ ಮುಂಚೆ ಹುಡುಗರನ್ನು ಬಿಳಿ ರಾಜಕುಮಾರನ ಬಟ್ಟೆ ತೊಡಿಸಿ ಕರೆತರುತ್ತಾರೆ, ಎದೆಯ ಮೇಲೆ ಅಡ್ಡ ಪಟ್ಟಿ, ಅದರಲ್ಲಿ ದಪ್ಪಕ್ಷರದಲ್ಲಿ ಮಾಶಾಲ್ಲಾ. ಗ್ರ್ಯಾಂಡ್ ಬಜಾರ್ ಭಾನುವಾರ ಮುಚ್ಚಿರುತ್ತದೆ, ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಊರಿಗೆ ಹಂಚೋಕೆ ಅಂತ ಕೊಳ್ಳುವವರು ದೊಡ್ಡ ತಟ್ಟೆಯಷ್ಟು ಅಗಲದ್ದು ಬಿಟ್ಟು ಪಿನ್ನಿನ ಪುಟ್ಟ ಮಣಿಗಳನ್ನೇ ತಗೊಳ್ಳಿ. ಸಾಕ್ಸಿನೊಳಗೆ ತುರುಕಿ ಬಟ್ಟೆಗಳ ನಡುವೆ ಇಟ್ಟರೆ ಚೆಕ್-ಇನ್ ಲಗೇಜಿನಲ್ಲೂ ಒಡೆಯೋದಿಲ್ಲ.