ಕಾಸಿಯಲ್ಲಿ ಯಾವ ಬೀಚಿಗೆ ಹೋಗೋದು? ಮೊದಲು ಗಾಳಿ ನೋಡಿ

ಫೋನಿನಲ್ಲಿ ಊರಿನ ಹೆಸರು ಹೇಳಿದಾಗ ಅಮ್ಮ ಒಂದು ಕ್ಷಣ ಸುಮ್ಮನಾದಳು. "ಕಾಶಿಗಾ?" ಅಂದಳು. ಕಾಶಿ ಅಲ್ಲಮ್ಮ, ಕಾಸಿ, ಫ್ರಾನ್ಸಿನ ಮಾರ್ಸೇ ಪಕ್ಕದ ಕಡಲತಡಿಯ ಊರು ಅಂದೆ. ಹೆಸರಿನ ಕೊನೆಗೆ ಒಂದು 'ಸ್' ಬರೆಯುತ್ತಾರೆ, ಆದರೆ ಊರವರು ಅದನ್ನು ಹೇಳುವುದಿಲ್ಲ.

ನಾವಿರುವುದು ಲಿಯಾಂನಲ್ಲಿ. ಅಮ್ಮ ಹೊನ್ನಾವರದಿಂದ ಮೂರು ತಿಂಗಳಿಗೆ ಬಂದಿದ್ದಳು. ಮಂಡಿನೋವು ಇದೆ, ಆದರೆ ಸಮುದ್ರ ನೋಡದೆ ಇರಲಾರಳು. ಮಗಳಿಗೆ ಒಂಬತ್ತು ವರ್ಷ, ಈಜು ಕಲಿತು ಎಂಟು ತಿಂಗಳಾಗಿತ್ತು. ಜೂನ್ ಕೊನೆಯಲ್ಲಿ ಐದು ದಿನ ಹೋದೆವು. ಏಳು ಸಾವಿರ ಜನರ ಪುಟ್ಟ ಊರು, ಆದರೆ ನಡೆದು ಹೋಗುವಷ್ಟು ದೂರದಲ್ಲೇ ಏಳೆಂಟು ಕಡೆ ನೀರಿಗಿಳಿಯಬಹುದು. ಯಾವುದಕ್ಕೆ ಹೋಗೋದು ಅನ್ನುವುದನ್ನು ನಾನು ಫೋಟೋ ನೋಡಿ ತೀರ್ಮಾನ ಮಾಡಿದ್ದೆ. ಅದು ತಪ್ಪು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫೋಟೋದಲ್ಲಿ ಎಲ್ಲರೂ ತೋರಿಸುವುದು ಆಂ-ವೋ. ಕಡಲು ಬಂಡೆಗಳ ನಡುವೆ ಒಳಗೆ ನುಗ್ಗಿದ ಇಂಥ ಕೊಲ್ಲಿಗಳಿಗೆ ಅಲ್ಲಿ ಕಲಾಂಕ್ ಅನ್ನುತ್ತಾರೆ. ಕಾಸಿಯ ಪಡುವಣಕ್ಕೆ ಒಂದರ ಪಕ್ಕ ಒಂದು ಮೂರು ಇವೆ: ಪೋರ್-ಮ್ಯು, ಪೋರ್-ಪ್ಯಾಂ, ಆಂ-ವೋ. ಮೊದಲ ದಿನವೇ ಎಲ್ಲರೂ ಹೊರಟೆವು. ಪೋರ್-ಮ್ಯುವಿನಲ್ಲಿ ಸಾಲು ಸಾಲು ದೋಣಿ ಕಟ್ಟಿರುತ್ತಾರೆ, ಅದು ಈಜುವ ಜಾಗ ಅಲ್ಲ. ಅಲ್ಲಿಂದ ಅರ್ಧ ಗಂಟೆ ನಡೆದರೆ ಪೋರ್-ಪ್ಯಾಂ. ಅಲ್ಲಿಯ ತನಕ ಅಮ್ಮ ಬಂದಳು, ನಿಧಾನವಾಗಿ, ನನ್ನ ತೋಳು ಹಿಡಿದು. ಮುಂದೆ ಗುಡ್ಡ ಹತ್ತಿ, ಆಮೇಲೆ ಕಡಿದಾಗಿ ಇಳಿಯಬೇಕು.

ಆ ಇಳಿಜಾರಿನ ಕಲ್ಲು ಹೇಗಿದೆ ಗೊತ್ತಾ, ಹಳೇ ದೇವಸ್ಥಾನದ ಮೆಟ್ಟಿಲು ಸಾವಿರಾರು ಕಾಲು ತುಳಿದು ತುಳಿದು ಹೊಳೆಯುತ್ತದಲ್ವಾ, ಹಾಗೆ. ಬಿಳಿ ಸುಣ್ಣಕಲ್ಲು, ಮೇಲೆ ಗಾಜಿನಂಥ ಮೆರುಗು, ಅದರ ಮೇಲೆ ಸಣ್ಣ ಸಣ್ಣ ಜಲ್ಲಿ. ಚಪ್ಪಲಿಯಲ್ಲಿ ಇಳಿಯುವವರನ್ನು ನೋಡಿ ನನಗೆ ಭಯವಾಯಿತು. ಅಮ್ಮ ಮತ್ತು ಮಗಳನ್ನು ಪೋರ್-ಪ್ಯಾಂನ ನೆರಳಲ್ಲಿ ಕೂರಿಸಿ ನಾನೊಬ್ಬಳೇ ಹೋಗಿದ್ದೆ. ಕೆಳಗೆ ತಲುಪಿದಾಗ ಎರಡೂ ಕಡೆ ನೇರ ಎದ್ದು ನಿಂತ ಬಿಳಿ ಗೋಡೆ, ನಡುವೆ ಹಸಿರು ನೀರು. ನಿಜ, ಅಷ್ಟು ಚೆನ್ನಾಗಿದೆ. ಹಿಂದೆ ಹಿಮಯುಗದಲ್ಲಿ ಕಡಲು ನೂರು ಮೀಟರಿಗೂ ಕೆಳಗಿತ್ತಂತೆ, ಇದು ಆಗ ಒಣ ಕಣಿವೆ. ಆಮೇಲೆ ನೀರು ಏರಿ ಕಣಿವೆ ಮುಳುಗಿತು. ಅದರ ಮೇಲೆ ತೇಲುತ್ತಿದ್ದೇನೆ ಅಂದುಕೊಂಡು ಈಜಿದೆ. ಆದರೆ ಮನಸ್ಸೆಲ್ಲ ಆ ಕಡೆಯ ದಂಡೆಯಲ್ಲಿ ಕಾಯುತ್ತಿದ್ದ ಇಬ್ಬರ ಮೇಲಿತ್ತು. ನೀರಿನ ಬಾಟಲಿ ನನ್ನ ಚೀಲದಲ್ಲೇ ಉಳಿದಿತ್ತು. ಕಲಾಂಕುಗಳಲ್ಲಿ ಕುಡಿಯುವ ನೀರಿನ ನಲ್ಲಿ ಇಲ್ಲ. ವಾಪಸ್ ಬರುವಷ್ಟರಲ್ಲಿ ಮಗಳ ತುಟಿ ಒಣಗಿತ್ತು. ಪಕ್ಕದಲ್ಲಿದ್ದ ಒಂದು ಕುಟುಂಬ ಅರ್ಧ ಲೀಟರ್ ಕೊಟ್ಟಿದ್ದರಂತೆ. ಆ ದಿನ ನೆನೆದರೆ ಈಗಲೂ ಸಂಕಟವಾಗುತ್ತದೆ.

ಪೋರ್-ಪ್ಯಾಂ ಮಾತ್ರ ನಿಮಗೆ ಖಂಡಿತ ಹೇಳುತ್ತೇನೆ, ಹೋಗಿ. ಬಂಡೆಯ ಬಿರುಕಿನಿಂದಲೇ ಪೈನ್ ಮರ ಹೊರಬಂದು ನೀರಿನ ಕಡೆ ಬಾಗಿರುತ್ತದೆ. ನೆರಳು ಸಿಗುತ್ತದೆ, ದಂಡೆ ಮೆಲ್ಲಗೆ ಇಳಿಯುತ್ತದೆ. ಒಬ್ಬರಿಗೆ ಎರಡು ಲೀಟರ್ ನೀರು ಇರಲಿ, ಬೆಳಿಗ್ಗೆ ಎಂಟರೊಳಗೆ ಹೊರಡಿ. ಹತ್ತು ಗಂಟೆ ಆದಮೇಲೆ ಟವೆಲ್ ಹಾಸಲೂ ಜಾಗ ಇರುವುದಿಲ್ಲ.

ಎರಡನೇ ರಾತ್ರಿ ಮಿಸ್ತ್ರಾಲ್ ಎದ್ದಿತು. ಅದು ವಾಯವ್ಯದಿಂದ ಬೀಸುವ ಒಣ ಗಾಳಿ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು, ಬಿಸಿಲು ಚುರುಗುಟ್ಟುತ್ತಿತ್ತು, ಕಡಲಲ್ಲಿ ಅಲೆಯೇ ಇಲ್ಲ. ಇದಕ್ಕಿಂತ ಒಳ್ಳೇ ದಿನ ಬೇಕಾ ಅಂತ ನೀರಿಗೆ ಕಾಲಿಟ್ಟರೆ ಮಂಜುಗಡ್ಡೆ! ಮಗಳು ಕಿರುಚಿಕೊಂಡು ಹೊರಗೆ ಓಡಿದಳು. ಹಿಂದಿನ ದಿನ ಅಷ್ಟು ಹಿತವಾಗಿದ್ದ ನೀರು ಒಂದೇ ರಾತ್ರಿಯಲ್ಲಿ ಹೀಗೆ.

ಕಾರಣ ಸರಳ. ಮಿಸ್ತ್ರಾಲ್ ನೆಲದಿಂದ ಕಡಲಿನ ಕಡೆ ಬೀಸುತ್ತದೆ. ಮೇಲಿನ ಬಿಸಿ ನೀರನ್ನು ಆಚೆ ದೂಡುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಏಳುತ್ತದೆ. ನಡು ಬೇಸಿಗೆಯಲ್ಲೂ ನೀರು 24 ಡಿಗ್ರಿಯಿಂದ 16ಕ್ಕೆ ಇಳಿದುಬಿಡಬಹುದು. ಗಾಳಿ ನಿಂತ ಮೇಲೂ ಮತ್ತೆ ಬೆಚ್ಚಗಾಗಲು ಕೆಲವು ದಿನ ಬೇಕು. ದಕ್ಷಿಣದಿಂದಲೋ ಆಗ್ನೇಯದಿಂದಲೋ ಬೀಸಿದರೆ ಉಲ್ಟಾ, ನೀರು ಬೆಚ್ಚಗೆ, ಆದರೆ ಅಲೆ ಜಾಸ್ತಿ, ಜೊತೆಗೆ ಜೆಲ್ಲಿಫಿಶ್ ಬರಬಹುದು. ಅಮ್ಮನಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. "ತೆಂಕು ಗಾಳಿಗೆ ಒಂದು ನೀರು, ಬಡಗು ಗಾಳಿಗೆ ಇನ್ನೊಂದು ನೀರು, ನಮ್ಮ ಮೀನುಗಾರರು ದಿನಾ ಹೇಳ್ತಾರಲ್ಲ" ಅಂದಳು.

ಇನ್ನೊಂದು ವಿಷಯ. ಜೂನ್ 1ರಿಂದ ಸೆಪ್ಟೆಂಬರ್ 30ರ ತನಕ ಕಾಡ್ಗಿಚ್ಚಿನ ಭಯಕ್ಕೆ ಕಲಾಂಕುಗಳ ದಾರಿಯನ್ನು ದಿನದ ಲೆಕ್ಕದಲ್ಲಿ ತೆರೆಯುತ್ತಾರೆ, ಮುಚ್ಚುತ್ತಾರೆ. ನಾಳೆ ಏನು ಅನ್ನುವುದು ಹಿಂದಿನ ಸಂಜೆಯೇ ಗೊತ್ತಾಗುತ್ತದೆ, ಕೆಂಪು ಬಣ್ಣ ಕಂಡರೆ ಪ್ರವೇಶ ಇಲ್ಲ. ಒಣಗಿದ ಕಾಡಿನ ಮೇಲೆ ಗಾಳಿ ಜೋರಾಗಿ ಬೀಸುವ ದಿನವೇ ಮುಚ್ಚುವುದು ಜಾಸ್ತಿ. ಅಂದರೆ ಒಂದೇ ಗಾಳಿ ನೀರನ್ನೂ ತಣ್ಣಗೆ ಮಾಡುತ್ತದೆ, ದಾರಿಯನ್ನೂ ಮುಚ್ಚಿಸುತ್ತದೆ. ಹಾಗಾಗಿ ರಾತ್ರಿ ಊಟಕ್ಕೆ ಮುಂಚೆ ಎರಡು ನೋಡಿ: ಗಾಳಿ ಯಾವ ದಿಕ್ಕಿನದು, ಕಾಡು ತೆರೆದಿದೆಯಾ.

ಊರಿಗೆ ಅಂಟಿಕೊಂಡ ಬೆಸ್ತುವಾಂ ನನಗೆ ತುಂಬಾ ಇಷ್ಟವಾಯಿತು. ಬಿಳಿ ಉರುಟು ಕಲ್ಲಿನ ದಂಡೆ, ಕಾಲಿಗೆ ರಬ್ಬರ್ ಶೂ ಇಲ್ಲದಿದ್ದರೆ ಕಷ್ಟ. ಇಲ್ಲಿ ನೆಲದಡಿ ಹರಿದುಬರುವ ಹೊಳೆಯೊಂದು ಕಡಲೊಳಗೇ ಬಾಯಿ ಬಿಡುತ್ತದೆ. ಈಜು ಕನ್ನಡಕ ಹಾಕಿಕೊಂಡು ಮುಖ ಅದ್ದಿದರೆ ಸಿಹಿನೀರು ಉಪ್ಪುನೀರು ಸೇರುವ ಕಡೆ ಎಲ್ಲ ಮಸುಕು ಮಸುಕಾಗಿ ನಡುಗುತ್ತದೆ, ಸಕ್ಕರೆ ಪಾಕವನ್ನು ನೀರಿನ ಲೋಟಕ್ಕೆ ಸುರಿದಾಗ ಎಳೆ ಎಳೆಯಾಗಿ ಕಾಣುತ್ತದಲ್ಲ, ಥೇಟ್ ಹಾಗೆ. ಕೈ ಚಾಚಿದರೆ ಬೆರಳಿಗೊಂದು ತಣ್ಣನೆ ಎಳೆ ತಾಗುತ್ತದೆ, ಇನ್ನೊಂದಿಷ್ಟು ಆಚೆ ಬೆಚ್ಚಗೆ. ಮಗಳು ಆ ತಣ್ಣನೆ ಗೆರೆ ಹುಡುಕುತ್ತಾ ಒಂದು ಗಂಟೆ ಕಳೆದಳು.

ಬೆಸ್ತುವಾಂ ದಾಟಿ ಪೋರ್-ಮ್ಯು ಕಡೆ ಹೋದರೆ ಚಪ್ಪಟೆ ಬಂಡೆಗಳು. ಅಲ್ಲಿ ಇಳಿದ ಕೂಡಲೇ ಆಳ, ಈಜು ಚೆನ್ನಾಗಿ ಬರುವವರಿಗೆ ಮಾತ್ರ. ಬಂದರಿನ ಮೂಡಣಕ್ಕೆ ಆರೆನ್, ಕೋರ್ತೋಂ ಅಂತ ಎರಡು ಸಣ್ಣ ದಂಡೆಗಳಿವೆ, ನಾವು ಮೇಲಿಂದಲೇ ನೋಡಿ ಬಂದೆವು.

ಕೊನೆಗೆ ಉಳಿದಿದ್ದು ಗ್ರಾಂಡ್ ಮೇರ್, ಬಂದರಿನ ಪಕ್ಕದ ಊರ ಬೀಚು. ಹೆಸರಿನ ಅರ್ಥ 'ದೊಡ್ಡ ಕಡಲು'. ಅದರ ಬಗ್ಗೆ ಓದಿದ್ದೆಲ್ಲ 'ಸಾಧಾರಣ, ಜನಜಂಗುಳಿ' ಅಂತ. ಜನ ಇದ್ದಾರೆ, ನಿಜ. ಆದರೆ ಮರಳು ಮತ್ತು ಸಣ್ಣ ಜಲ್ಲಿ ಬೆರೆತ ದಂಡೆ, ಕಾವಲುಗಾರರು ಇದ್ದಾರೆ, ಮಕ್ಕಳ ಕಾಲು ನಿಲುಕುವಷ್ಟೇ ನೀರು ಒಂದಿಷ್ಟು ದೂರದವರೆಗೆ. ಮೆಡಿಟರೇನಿಯನ್ ಸಮುದ್ರಕ್ಕೆ ಇಲ್ಲಿ ಉಬ್ಬರ ಇಳಿತ ಅಂದರೆ ಒಂದು ಗೇಣಿನಷ್ಟೇ, ಹಾಗಾಗಿ ಹಾಸಿದ ಟವೆಲ್ ಸಂಜೆ ತನಕ ಹಾಸಿದ ಕಡೆಯೇ. ಅಮ್ಮನಿಗೆ ಅದೇ ಆಶ್ಚರ್ಯ. "ಇದೇನು, ನೀರು ಹಿಂದಕ್ಕೆ ಹೋಗೋದೇ ಇಲ್ವಲ್ಲ" ಅಂತ ಮೂರು ಸಲ ಕೇಳಿದಳು.

ಎದುರಿಗೆ ಕಾಪ್ ಕನಾಯ್, 394 ಮೀಟರ್ ಎತ್ತರದ ಬೆಟ್ಟ, ಸೀದಾ ಕಡಲಿಗೆ ಕಡಿದಿಟ್ಟ ಹಾಗೆ. ಪಡುವಣದ ಕಲಾಂಕುಗಳು ಬಿಳಿ, ಇದು ಕೆಮ್ಮಣ್ಣಿನ ಬಣ್ಣ. ಸಂಜೆ ಬಿಸಿಲು ಅದರ ಮುಖಕ್ಕೆ ಬೀಳುವಾಗ ಮೊದಲು ಜೇನಿನ ಬಣ್ಣ, ಆಮೇಲೆ ಮುರಕಲ್ಲಿನ ಹಾಗೆ ಕಡುಕೆಂಪು. ಮೂರು ಸಂಜೆ ನಾವು ಅಲ್ಲೇ ಕೂತೆವು. ಪಾನಿಸ್ ಅಂತ ಕಡ್ಲೆಹಿಟ್ಟನ್ನು ಬೇಯಿಸಿ, ಗಟ್ಟಿ ಮಾಡಿ, ಕತ್ತರಿಸಿ ಕರಿದ ತಿಂಡಿ ಸಿಗುತ್ತದೆ. ಅಮ್ಮ ಅದಕ್ಕೆ ಉಪ್ಪಿನಕಾಯಿ ಹಚ್ಚಿಕೊಂಡು ತಿಂದಳು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ನೀರಿನ ಅಂಚಲ್ಲಿ ಕಾಲು ಚಾಚಿ, ಮಗಳು ತಂದು ತಂದು ಸುರಿದ ಒದ್ದೆ ಮರಳಿನಲ್ಲಿ ಮಂಡಿ ಹೂತುಕೊಂಡು ಕೂತಿದ್ದಳು. ಆ ಬೆಚ್ಚಗಿನ ಮರಳಿನಲ್ಲಿ ನೋವು ಕಡಿಮೆ ಅನಿಸಿತಂತೆ.

ಸೆಪ್ಟೆಂಬರಿನಲ್ಲಿ ಮತ್ತೆ ಹೋಗುತ್ತೇವೆ. ಜನ ಕಡಿಮೆ, ಬೇಸಿಗೆಯಿಡೀ ಕಾದ ನೀರು ಇನ್ನೂ ಬೆಚ್ಚಗಿರುತ್ತದೆ. ಈ ಸಲ ಮಾರ್ಸೇಯಿಂದ ರೈಲು ಇಳಿದ ಮೇಲೆ ನಡೆಯುವುದಿಲ್ಲ, ಸ್ಟೇಷನ್ನಿನಿಂದ ಊರು ಮೂರು ಕಿಲೋಮೀಟರಿಗೂ ದೂರ, ಬಸ್ಸು ಹಿಡಿಯುತ್ತೇವೆ. ಮಿಸ್ತ್ರಾಲ್ ಇಲ್ಲದಿದ್ದರೆ ಬೆಳಿಗ್ಗೆ ಪೋರ್-ಪ್ಯಾಂ, ಇದ್ದರೆ ಗ್ರಾಂಡ್ ಮೇರ್‌ನ ಮರಳು.