ಹಳ್ಳಿಯ ಹಾಡು ಬರೆದುಕೊಂಡವನು ಸಂಯೋಜಕ ಹೇಗಾದ?

ಬೇಲಾ ಬಾರ್ಟೋಕ್‌ನ ಹೆಸರೆತ್ತಿದಾಗಲೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ: ‘ಹಂಗೇರಿಯ ಹಳ್ಳಿಗಳನ್ನು ಸುತ್ತಿ ರೈತರ ಹಾಡುಗಳನ್ನು ಬರೆದುಕೊಂಡು ಬಂದವನಲ್ಲವೇ ಅವನು? ಹಾಗಿದ್ದರೆ ಸಂಗೀತ ಆ ರೈತರದಾಯಿತು. ಇವನನ್ನು ಇಪ್ಪತ್ತನೆಯ ಶತಮಾನದ ದೊಡ್ಡ ಸಂಯೋಜಕ ಎನ್ನುವುದೇಕೆ?’ ಕೇಳುವವರಲ್ಲಿ ಸಂಗೀತ ಬಲ್ಲವರೂ ಇರುತ್ತಾರೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ಇದಕ್ಕಿಲ್ಲ, ಅದಕ್ಕೇ ಬರೆಯಲು ಕುಳಿತಿದ್ದೇನೆ.

ಬಾರ್ಟೋಕ್ ಹುಟ್ಟಿದ್ದು 1881ರಲ್ಲಿ. ಏಳರ ವಯಸ್ಸಿಗೆ ತಂದೆ ತೀರಿಕೊಂಡರು. ಪಿಯಾನೋದ ಮೊದಲ ಪಾಠ ತಾಯಿಯಿಂದಲೇ ಆಯಿತು. ಮುಂದೆ ಬುಡಾಪೆಸ್ಟ್‌ನ ಸಂಗೀತ ಅಕಾಡೆಮಿಯಲ್ಲಿ ಓದಿದ. ಆ ಕಾಲದ ಪಟ್ಟಣಿಗರಿಗೆ ಹಂಗೇರಿಯ ಜಾನಪದ ಸಂಗೀತವೆಂದರೆ ರೋಮಾ ವಾದ್ಯಗಾರರು ಕಾಫಿಗೃಹಗಳಲ್ಲಿ ನುಡಿಸುತ್ತಿದ್ದ ಸಂಗೀತ. ಅವನೂ ಹಾಗೆಯೇ ತಿಳಿದಿದ್ದ. 1904ರ ಬೇಸಿಗೆಯಲ್ಲಿ ಒಂದು ಹಳ್ಳಿಯಲ್ಲಿ ತಂಗಿದ್ದಾಗ ಲಿಡಿ ಡೋಶಾ ಎಂಬ ಹುಡುಗಿಯ ಹಾಡು ಕಿವಿಗೆ ಬಿತ್ತು. ಮಕ್ಕಳನ್ನು ನೋಡಿಕೊಳ್ಳಲು ಟ್ರಾನ್ಸಿಲ್ವೇನಿಯಾದಿಂದ ಬಂದಿದ್ದವಳು ಅವಳು. ಕೆಸರಿಗೆ ಬಿದ್ದ ಕೆಂಪು ಸೇಬಿನ ಹಾಡು ಅದು. ಕಾಫಿಗೃಹದ ಸಂಗೀತಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅವನು ಅದನ್ನು ಬರೆದುಕೊಂಡ. ಮರುವರ್ಷ ಇನ್ನೊಬ್ಬ ಹಂಗೇರಿಯನ್ ಸಂಯೋಜಕ ಜೋಲ್ತಾನ್ ಕೊದಾಯ್ ಜೊತೆಯಾದ. ಇಬ್ಬರೂ ದನಿ ಹಿಡಿದಿಡುವ ಯಂತ್ರವಾದ ಎಡಿಸನ್ನನ ಫೋನೋಗ್ರಾಫ್ ಹೊತ್ತು ಹಳ್ಳಿಗಳತ್ತ ಹೊರಟರು.

ಆ ಓಡಾಟದ ಒಂದು ಛಾಯಾಚಿತ್ರ ಪ್ರಸಿದ್ಧವಾಗಿದೆ. ಮನೆಯೊಂದರ ಕಿಟಕಿಯ ಬಳಿ ಯಂತ್ರ, ಅದರ ಕೊಳವೆಗೆ ಮುಖವೊಡ್ಡಿ ಹಾಡುತ್ತಿರುವ ಹಳ್ಳಿಯ ಹೆಂಗಸು, ಸುತ್ತ ಊರವರು, ಯಂತ್ರದ ಪಕ್ಕದಲ್ಲಿ ಬಾರ್ಟೋಕ್. ಮೇಣದ ಆ ಉರುಳೆಗಳಲ್ಲಿ ಹಿಡಿಸುತ್ತಿದ್ದುದು ಕೆಲವೇ ನಿಮಿಷಗಳ ದನಿ. ಕೇಳಿದಷ್ಟೂ ಮೇಣ ಸವೆಯುತ್ತಿತ್ತು. ಹಾಡಿಸುವುದಂತೂ ಇನ್ನೂ ಕಷ್ಟ. 1907ರಲ್ಲಿ ಟ್ರಾನ್ಸಿಲ್ವೇನಿಯಾದಿಂದ ಗೆಳತಿಗೆ ಬರೆದ ಪತ್ರದಲ್ಲಿ ಅವನು ಇಂಥ ಒಂದು ಮಾತುಕತೆಯನ್ನು ನಾಟಕದ ಸಂಭಾಷಣೆಯಂತೆ ಬರೆದಿದ್ದಾನೆ. ಹಿರಿಯರಿಂದ ಕಲಿತ ಹಳೆಯ ಹಾಡು ಬೇಕೆಂದು ಇವನು ಎಷ್ಟು ಕೇಳಿಕೊಂಡರೂ ಆ ಹೆಂಗಸು ಮರೆತುಹೋಗಿದೆ ಎನ್ನುತ್ತಾಳೆ, ಭಕ್ತಿಗೀತೆ ಹಾಡಲೇ ಎನ್ನುತ್ತಾಳೆ. ಆ ಪತ್ರ ಓದಿದರೆ ಅವನ ತಾಳ್ಮೆ ಎಂಥದೆಂದು ತಿಳಿಯುತ್ತದೆ.

ಈಗ ಪ್ರಶ್ನೆಗೆ ಬರುತ್ತೇನೆ. ಹಳ್ಳಿಯ ಸಂಗೀತವನ್ನು ಸಂಯೋಜಕ ಬಳಸುವುದಕ್ಕೆ ಮೂರು ದಾರಿಗಳಿವೆ ಎಂದು 1931ರಲ್ಲಿ ಬಾರ್ಟೋಕ್‌ನೇ ವಿವರಿಸಿದ್ದ. ಹಾಡಿನ ಧಾಟಿಯನ್ನು ಇದ್ದ ಹಾಗೆಯೇ ಎತ್ತಿಕೊಂಡು ಪಕ್ಕವಾದ್ಯ ಕೂಡಿಸುವುದು ಒಂದು. 1915ರ ರೊಮೇನಿಯನ್ ಜಾನಪದ ನೃತ್ಯಗಳು ಆ ಬಗೆಯವು. ಅವುಗಳ ಧಾಟಿ ಹಳ್ಳಿಯವರದೇ, ಅವನು ಅದನ್ನು ಮುಚ್ಚಿಡಲಿಲ್ಲ, ಶೀರ್ಷಿಕೆಯಲ್ಲೇ ಹೇಳಿದ. ಜಾನಪದದ ಜಾಡಿನಲ್ಲಿ ಧಾಟಿಯನ್ನು ತಾನೇ ಕಟ್ಟುವುದು ಎರಡನೆಯದು. ಮೂರನೆಯದರಲ್ಲಿ ಹಳ್ಳಿಯ ಧಾಟಿಯೂ ಇಲ್ಲ, ಅದರ ಅನುಕರಣೆಯೂ ಇಲ್ಲ. ಆ ಸಂಗೀತ ಸಂಯೋಜಕನಿಗೆ ತಾಯ್ನುಡಿಯಾಗಿಬಿಟ್ಟಿರುತ್ತದೆ. ತಾಯ್ನುಡಿಯಲ್ಲಿ ಕವಿತೆ ಬರೆದವನನ್ನು ಪದಗಳನ್ನು ಎಲ್ಲಿಂದ ತಂದೆ ಎಂದು ನಾವು ಕೇಳುವುದಿಲ್ಲ.

ಎರಡನೆಯ ದಾರಿಗೆ ನಾನು ಯಾವಾಗಲೂ ಕೊಡುವ ಉದಾಹರಣೆ ‘ಟ್ರಾನ್ಸಿಲ್ವೇನಿಯಾದಲ್ಲಿ ಒಂದು ಸಂಜೆ’. 1908ರ ಪುಟ್ಟ ಪಿಯಾನೋ ರಚನೆ, ಮಕ್ಕಳೂ ನುಡಿಸಬಲ್ಲರು. ಮೊದಲು ತಾಳದ ಕಟ್ಟಿಲ್ಲದೆ ಮಾತಿನ ಓಟದಲ್ಲಿ ಸಾಗುವ ಧಾಟಿ, ಆಮೇಲೆ ಕೊಳಲಿನಂತೆ ಚಿಮ್ಮುವ ಕುಣಿತದ ಧಾಟಿ. ಕೇಳಿದವರು ಇದು ಯಾವುದೋ ಹಳೆಯ ಹಳ್ಳಿಯ ಹಾಡೇ ಎಂದು ಆಣೆಯಿಟ್ಟು ಹೇಳಬೇಕು, ಹಾಗಿದೆ. ಆದರೆ ಎರಡೂ ಧಾಟಿಗಳು ತನ್ನವೇ ಎಂದು ಅವನು 1944ರ ರೇಡಿಯೋ ಸಂದರ್ಶನವೊಂದರಲ್ಲಿ ಸ್ಪಷ್ಟಪಡಿಸಿದ.

ಮೂರನೆಯ ದಾರಿಯಲ್ಲೇ ಅವನ ದೊಡ್ಡ ಕೃತಿಗಳಿರುವುದು. ತಂತಿವಾದ್ಯ, ತಾಳವಾದ್ಯ ಮತ್ತು ಚೆಲೆಸ್ಟಾ (ಪುಟ್ಟ ಗಂಟೆಗಳಂಥ ದನಿಯ ಕೀಲಿಮಣೆ ವಾದ್ಯ) ಇವುಗಳಿಗಾಗಿ 1936ರಲ್ಲಿ ಬರೆದ ಸಂಗೀತವನ್ನು ಕೇಳಿ. ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾಗಳು ದನಿ ತಗ್ಗಿಸಿಕೊಂಡು ಆರಂಭಿಸುತ್ತವೆ. ಪಕ್ಕಪಕ್ಕದ ಸ್ವರಗಳ ನಡುವೆಯೇ ಇಕ್ಕಟ್ಟಾಗಿ ತೆವಳುವ ಒಂದು ಸಾಲು ಅದು. ಒಂದೊಂದೇ ಗುಂಪು ಅದೇ ಸಾಲನ್ನು ಎತ್ತಿಕೊಳ್ಳುತ್ತ ದನಿ ಬೆಳೆದು, ಉತ್ತುಂಗಕ್ಕೇರಿ, ಮತ್ತೆ ಹೊರಟ ಸ್ವರಕ್ಕೇ ಮರಳಿ ಆರುತ್ತದೆ. ಮೂರನೆಯ ಭಾಗ ತೊಡಗುವುದು ಕ್ಸೈಲೋಫೋನಿನ ಒಂದೇ ಸ್ವರದಿಂದ: ನಿಧಾನವಾಗಿ ಬಡಿದು, ಚುರುಕಾಗಿ, ಮತ್ತೆ ನಿಧಾನವಾಗುತ್ತದೆ. ಯಾವ ಹಳ್ಳಿಯ ಹಾಡೂ ಇದರಲ್ಲಿಲ್ಲ. ಆದರೆ ಕೊನೆಯ ಭಾಗ ಎರಡು, ಮೂರು, ಮೂರು ಎಂಬ ಎಣಿಕೆಯಲ್ಲಿ ಕುಣಿಯತೊಡಗಿದಾಗ ಅವನ ಕಿವಿ ಎಲ್ಲಿ ಪಳಗಿತ್ತೆಂದು ಗೊತ್ತಾಗುತ್ತದೆ. ಬಲ್ಗೇರಿಯಾದ ಇಂಥ ಏರುಪೇರಿನ ಲಯಗಳು ಅವನಿಗೆ ಬಹಳ ಪ್ರಿಯ. ಖಂಡಛಾಪು, ಮಿಶ್ರಛಾಪುಗಳಲ್ಲಿ ತಾಳ ಹಾಕಿ ಅಭ್ಯಾಸವಿರುವ ನಮಗೆ ಅವು ಅಪರಿಚಿತವೆನಿಸುವುದಿಲ್ಲ. ಇದು ನನಗೆ ನಿಜಕ್ಕೂ ಸಂತೋಷ ಕೊಡುವ ಸಂಗತಿ.

ಪ್ರಶ್ನೆಯಲ್ಲೇ ಇರುವ ಇನ್ನೊಂದು ತಪ್ಪನ್ನೂ ತಿದ್ದಬೇಕು. ಅವನು ಸಂಗ್ರಹಿಸಿದ್ದು ಹಂಗೇರಿಯನ್ನರ ಹಾಡುಗಳನ್ನಷ್ಟೇ ಅಲ್ಲ. ರೊಮೇನಿಯನ್ನರ ಹಾಡುಗಳೇ ಮೂರು ಸಾವಿರ ಮೀರುತ್ತವೆ. ಸ್ಲೋವಾಕರ ಹಾಡುಗಳೂ ಇವೆ. 1913ರಲ್ಲಿ ಅಲ್ಜೀರಿಯಾದ ಬಿಸ್ಕ್ರಾಕ್ಕೂ 1936ರಲ್ಲಿ ಟರ್ಕಿಗೂ ಹೋಗಿ ಬಂದ. ಮೊದಲ ಮಹಾಯುದ್ಧದ ನಂತರ, ಟ್ರಾನ್ಸಿಲ್ವೇನಿಯಾ ಕೈತಪ್ಪಿ ರೊಮೇನಿಯಾದ ಪಾಲಾದ ನೋವಿನಲ್ಲಿದ್ದ ಹಂಗೇರಿಯಲ್ಲಿ ರೊಮೇನಿಯನ್ ಹಾಡುಗಳ ಬಗ್ಗೆ ಬರೆದದ್ದಕ್ಕೆ ಅವನನ್ನು ದೇಶದ್ರೋಹಿ ಎಂಬಂತೆ ಹಳಿದರು. ಅವನು ಆ ಹಾಡುಗಳ ಅಧ್ಯಯನ ನಿಲ್ಲಿಸಲಿಲ್ಲ.

1940ರ ಅಕ್ಟೋಬರ್‌ನಲ್ಲಿ, ತಾಯಿ ತೀರಿಕೊಂಡ ಮರುವರ್ಷ, ಅವನು ಅಮೆರಿಕಕ್ಕೆ ಹೊರಟ. ಬುಡಾಪೆಸ್ಟ್‌ನಲ್ಲಿ ಹಿಟ್ಲರ್ ಮತ್ತು ಮುಸೊಲಿನಿಯರ ಹೆಸರಿನ ಚೌಕಗಳಿರುವವರೆಗೆ ಹಂಗೇರಿಯ ಯಾವ ಬೀದಿಗೂ ತನ್ನ ಹೆಸರಿಡಬಾರದು ಎಂದು ಉಯಿಲಿನಲ್ಲಿ ಬರೆದಿಟ್ಟಿದ್ದ. ನ್ಯೂಯಾರ್ಕ್‌ನಲ್ಲೂ ಅದೇ ಕೆಲಸ: ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕುಳಿತು, ಬೇರೊಬ್ಬರು ಧ್ವನಿಮುದ್ರಿಸಿ ತಂದಿದ್ದ ಸರ್ಬೋ–ಕ್ರೊಯೇಷಿಯನ್ ಹಾಡುಗಳನ್ನು ಸ್ವರಲಿಪಿಗೆ ಇಳಿಸುತ್ತಿದ್ದ. ಆರೋಗ್ಯ ಕುಸಿಯಿತು. 1943ರಲ್ಲಿ ಆಸ್ಪತ್ರೆಯಲ್ಲಿದ್ದಾಗ ವಾದ್ಯವೃಂದ ನಿರ್ದೇಶಕ ಸರ್ಜ್ ಕುಸೆವಿಟ್ಸ್ಕಿ ಬಂದು ಹೊಸ ಕೃತಿ ಬೇಕೆಂದು ಕೇಳಿದ. ಗೌರವಧನ 1000 ಡಾಲರ್. ಬರೆದು ಮುಗಿಸಬಲ್ಲೆನೇ ಎಂದು ಬಾರ್ಟೋಕ್ ಹಿಂಜರಿದ. ಆದರೆ ಆ ಬೇಸಿಗೆಯಲ್ಲಿ ಸಾರಾನಾಕ್ ಲೇಕ್ ಎಂಬ ಊರಿನಲ್ಲಿ ಕುಳಿತು ಎರಡು ತಿಂಗಳೊಳಗೆ ‘ಕಾನ್ಸರ್ಟೋ ಫಾರ್ ಆರ್ಕೆಸ್ಟ್ರಾ’ ಬರೆದು ಮುಗಿಸಿದ.

ಅದರ ನಾಲ್ಕನೆಯ ಭಾಗದಲ್ಲಿ ಓಬೋ ಎಂಬ ಊದುವ ವಾದ್ಯ ಒಂದು ಧಾಟಿಯನ್ನು ಎತ್ತುತ್ತದೆ. ಜಾನಪದದಂತೆ ಕೇಳಿಸಿದರೂ ಅದು ಅವನದೇ. ಸ್ವಲ್ಪ ಹೊತ್ತಿಗೆ ವಿಯೋಲಾಗಳು ತುಂಬು ದನಿಯಲ್ಲಿ ಹಾಡುವ ಇನ್ನೊಂದು ಧಾಟಿ ಬರುತ್ತದೆ. ಅದು ಹಳ್ಳಿಯದಲ್ಲ. ಹಂಗೇರಿ ಚೆಲುವಾದ ನಾಡು ಎಂದು ಕೊಂಡಾಡುವ, 1920ರ ದಶಕದ ಪಟ್ಟಣದ ರಂಗಗೀತೆಯೊಂದನ್ನು ಅದು ನೆನಪಿಸುತ್ತದೆ. ಜೀವಮಾನವಿಡೀ ಪಟ್ಟಣದ ಜನಪ್ರಿಯ ಹಾಡುಗಳನ್ನು ಬದಿಗೆ ಸರಿಸಿ ಹಳ್ಳಿಯ ಹಾಡನ್ನು ಅರಸಿದವನು ಇಲ್ಲಿ ಅಂಥದೊಂದನ್ನೇ ಒಳಗೆ ಕರೆದುಕೊಂಡಿದ್ದಾನೆ. ಆಗ ಅವನು ಹಂಗೇರಿ ಬಿಟ್ಟು ಮೂರು ವರ್ಷವಾಗಿತ್ತು. ಮತ್ತೆರಡು ವರ್ಷಕ್ಕೆ, 1945ರ ಸೆಪ್ಟೆಂಬರ್ 26ರಂದು, ಮರಳಿ ಆ ನೆಲ ಮೆಟ್ಟದೆಯೇ ನ್ಯೂಯಾರ್ಕ್‌ನಲ್ಲಿ ತೀರಿಕೊಂಡ.